ಆಣೆ ಮತ್ತು ಎರಡು ಮನಸ್ಸು

‘ಬುಡಬೇಕು ಅನ್ನುಸ್ತದ ಸಾ, ಬುಡಾಕ ಆಯ್ತಿಲ್ಲ.’ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕುಡಿತದ ಜೊತೆ ಹೆಣಗುವವರ ಮಾತಿದು. ಮನೆಯವರಿಗೆ ಕೇಳಿಸುವುದು ಎರಡನೆಯ ಅರ್ಧ ಮಾತ್ರ. ಅದು ನೆಪವೆಂದು ಸಿಟ್ಟಾಗಿ, ಮಾದಪ್ಪನ (ಮಲೆ ಮಾದೇಶ್ವರನ) ಬೆಟ್ಟಕ್ಕೆ ಕರೆದೊಯ್ದು ಇನ್ನು ಕುಡಿಯೆನೆಂದು ಆಣೆ ಮಾಡಿಸುತ್ತಾರೆ.

ಆಣೆಯನ್ನು ಮೂಢನಂಬಿಕೆಯೆಂದು ನಾನು ತಳ್ಳಿಹಾಕಲಾರೆ. ತಾನಾಗಿ ಮಾಡಿದವನಿಗೆ ಅದು ಗುರಾಣಿ. ಆಣೆಯ ಹೆಸರೆತ್ತಿದರೆ ಗೆಳೆಯರೂ ಬಲವಂತ ಬಿಡುತ್ತಾರೆ. ಆದರೆ ಮಾಡಿಸಿದ ಆಣೆಯ ಕಥೆ ಬೇರೆ. ಅದು ಮುರಿದಾಗ ಕುಡಿತದ ಜೊತೆಗೆ ದೇವರ ಭಯ, ನಾಚಿಕೆ ಎರಡೂ ಹೆಗಲೇರುತ್ತವೆ. ಆಮೇಲೆ ಆತ ವೈದ್ಯರಿಗೂ ಮುಖ ತೋರಿಸಲು ಹಿಂಜರಿಯುತ್ತಾನೆ. ಮಲೆ ಮಾದೇಶ್ವರ ಕಾವ್ಯದ ಸಂಕಮ್ಮನನ್ನು ನೆನೆಯಿರಿ. ಗಂಡ ನೀಲಯ್ಯ ಪಟ್ಟುಹಿಡಿದು ಕೇಳಿದ ಆಣೆಭಾಷೆಯನ್ನು ಅವಳು ಕೊಡಲಿಲ್ಲ, ಹಿಂಸೆ ಉಂಡಳು. ಮಾದಪ್ಪ ನಿಂತದ್ದು ಅವಳ ಕಡೆಗೆ.

ಹೇರದೆ ಕೇಳಿಸಿಕೊಳ್ಳುವ ಬೇರೊಂದು ದಾರಿಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಲೇಖನದಿಂದ ಹುಟ್ಟಿದ ಆ ಸಮಾಲೋಚನಾ ವಿಧಾನವೇ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. 1991ರಲ್ಲಿ ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಅದನ್ನು ಪುಸ್ತಕ ಮಾಡಿದರು. ಬಿಡಬೇಕು, ಆದರೆ ಬಿಡಲಾಗದು ಎಂಬ ಎರಡು ಮನಸ್ಸು ರೋಗವಲ್ಲ, ಮೊಂಡುತನವೂ ಅಲ್ಲ ಎಂಬುದು ಅದರ ಬುನಾದಿ. ‘ಬಿಡು’ ಎಂದು ಚಿಕಿತ್ಸಕ ವಾದಿಸಿದಷ್ಟೂ ಎದುರಿನವನು ‘ಆಗಲ್ಲ’ದ ವಕಾಲತ್ತು ವಹಿಸುತ್ತಾನೆ. ಆದ್ದರಿಂದ ಮೊದಲು ಕುಡಿತ ಅವನಿಗೆ ಏನು ಕೊಡುತ್ತಿದೆ ಎಂದು ಕೇಳಬೇಕು: ನಿದ್ದೆಯೋ, ಮೈನೋವಿನ ಮರೆವೋ, ಜೊತೆಗಾರರೋ. ಮಾತಿನ ನಡುವೆ ‘ಮಗಳು ಹತ್ರ ಬರಾಕಿಲ್ಲ’ ಎಂದು ಅವನೇ ಅಂದಾಗ ಅಲ್ಲೇ ನಿಲ್ಲಬೇಕು, ಅದನ್ನೇ ಇನ್ನಷ್ಟು ಹೇಳಿಸಬೇಕು. ಲಾಭನಷ್ಟವನ್ನು ಸಮವಾಗಿ ತೂಗಿಸುತ್ತ ಕೂತರೆ ಅರೆಮನಸ್ಸಿನವನ ನಿಶ್ಚಯ ಸಡಿಲಾಗುತ್ತದೆ ಎಂದು 2015ರಲ್ಲಿ ಮಿಲ್ಲರ್ ಅವರೇ ಸಹಲೇಖಕರೊಂದಿಗೆ ಎಚ್ಚರಿಸಿದ್ದಾರೆ. ಕೇಳುವುದೆಂದರೆ ತಲೆಯಾಡಿಸುವುದಲ್ಲ, ಯಾವ ಮಾತಿಗೆ ಕಿವಿ ಚುರುಕಾಗಬೇಕೆಂದು ತಿಳಿದಿರುವುದು.

ಕೊರತೆಯೂ ಇದೆ. ಈ ವಿಧಾನದ ಕಣ್ಣಲ್ಲಿರುವುದು ಕೋಣೆಯೊಳಗಿನ ಇಬ್ಬರು. ನಮ್ಮಲ್ಲಿ ಹೆಂಡತಿ, ತಾಯಿ, ಭಾಮೈದ ಎಲ್ಲರೂ ಬರುತ್ತಾರೆ, ಅವನಿಗಿಂತ ಮೊದಲು ಉತ್ತರಿಸುತ್ತಾರೆ. ಹೆಂಡತಿಗೆ ಎರಡು ಮನಸ್ಸಿಲ್ಲ. ಸಾಲವಿದೆ, ಪೆಟ್ಟಿನ ಗುರುತಿದೆ. ಅವನ ತಳಮಳಕ್ಕೆ ತಾಳ್ಮೆಯಿಂದ ಕಿವಿಗೊಡುವ ಚಿಕಿತ್ಸಕರು ಅವಳ ಮಾತನ್ನೂ ಬೇರೆಯಾಗಿ, ಅಷ್ಟೇ ಹೊತ್ತು ಕೇಳದಿದ್ದರೆ ಅದು ಅನ್ಯಾಯ.

ಆದರೂ ಮಾಡಿಸಿದ ಆಣೆಗಿಂತ ಈ ದಾರಿಯೇ ಮೇಲೆಂದು ನನ್ನ ತೀರ್ಮಾನ. ಬೆಟ್ಟ ಹತ್ತಿಸುವವರಲ್ಲಿ ಒಂದು ಬೇಡಿಕೆ: ದಿನವೂ ವಿಪರೀತ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್, ಸನ್ನಿ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರಿಗೆ ತೋರಿಸಿ. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು.