ಬೆಟ್ಟಕ್ಕೆ ಮೋಡ ಕವಿದ ದಿನ

ಜರ್ಮನಿಯ ರೋನ್ ಸೀಮೆಯ ವಾಸರ್‌ಕುಪ್ಪೆಗೆ ಗ್ಲೈಡರ್ ಹಾರಿಸಲು ಹೋದವರಿಗೆ ಹಾರದೆ ಕೂರುವ ದಿನವೂ ಬಂದೇ ಬರುತ್ತದೆ. 950 ಮೀಟರ್ ಎತ್ತರದ ಬೋಳುನೆತ್ತಿಯ ಬೆಟ್ಟ ಅದು. ಪಡುವಣ ಗಾಳಿ ಇಳಿಜಾರಿಗೆ ತಾಗಿ ಮೇಲೇರುತ್ತದೆ, ಆ ಏರುಗಾಳಿಯ ಮೇಲೆ ಎಂಜಿನ್ ಇಲ್ಲದ ವಿಮಾನ ತೇಲುತ್ತದೆ. ಅದೇ ಗಾಳಿ ತೇವ ಹೊತ್ತು ಬಂದರೆ ಏರುತ್ತಲೇ ತಣ್ಣಗಾಗಿ, ಮೋಡವಾಗಿ, ನೆತ್ತಿಯ ಮೇಲೆ ಕೂತುಬಿಡುತ್ತದೆ. ಅಂಥ ದಿನ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಹವಾಮಾನ ನೋಡುತ್ತಲೇ ಇರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎದ್ದು ಹೊರಡಿ.

ಮೊದಲು ಬೆಟ್ಟದ ಮೇಲೆಯೇ ಇರುವ ಗ್ಲೈಡರ್ ಮ್ಯೂಸಿಯಂ. ಇದಕ್ಕೆ ಅರ್ಧ ದಿನ ಕೊಟ್ಟರೂ ಕಡಿಮೆಯೇ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಎಂಜಿನ್ ವಿಮಾನಗಳಿಗೆ ವರ್ಸೈ ಒಪ್ಪಂದ ಕಡಿವಾಣ ಹಾಕಿತ್ತು. ಆಗ, 1920ರಲ್ಲಿ, ಆಸ್ಕರ್ ಉರ್ಸಿನಸ್ ಕರೆಗೆ ಓಗೊಟ್ಟ ಹುಡುಗರು ಗ್ಲೈಡರ್ ಸ್ಪರ್ಧೆಗೆಂದು ಈ ಬೆಟ್ಟ ಹತ್ತಿದರು. ಎರಡೇ ವರ್ಷ! 1922ರ ಆಗಸ್ಟಿನಲ್ಲಿ ಹ್ಯಾನೋವರ್ ವಿದ್ಯಾರ್ಥಿಗಳು ಕಟ್ಟಿದ 'ವಾಂಪೀರ್'ನಲ್ಲಿ ಆರ್ಥರ್ ಮಾರ್ಟೆನ್ಸ್ ಒಂದು ಗಂಟೆ ಮೀರಿ ಗಾಳಿಯಲ್ಲಿದ್ದ. ಅದೇ ತಿಂಗಳು ಅದೇ ವಿಮಾನದಲ್ಲಿ ಹೆಂಟ್ಜೆನ್ ಎಂಬ ಇನ್ನೊಬ್ಬ ಮೂರು ಗಂಟೆ ದಾಟಿದ. ಆ ವಾಂಪೀರ್‌ಗೆ ಚಕ್ರವಿರಲಿಲ್ಲ, ಹೊಟ್ಟೆಯಡಿ ಮೂರು ಫುಟ್‌ಬಾಲ್ ಕೂರಿಸಿದ್ದರು. ರೆಕ್ಕೆಯೊಳಗೆ ಒಂದೇ ತೊಲೆ. ತೊಲೆಯಿಂದ ಮುಂದಿನ ಅಂಚಿನವರೆಗೆ ಪ್ಲೈವುಡ್ ಸುತ್ತಿ ರೆಕ್ಕೆ ತಿರುಚಿಕೊಳ್ಳದಂತೆ ಮಾಡಿದ್ದರು. ಮುಂದೆ ದಶಕಗಟ್ಟಲೆ ಮರದ ಗ್ಲೈಡರ್‌ಗಳು ನಡೆದದ್ದು ಇದೇ ಜಾಡಿನಲ್ಲಿ. ನನ್ನ ಮಟ್ಟಿಗೆ, ಗ್ಲೈಡಿಂಗ್ ಕಂಡ ಅತ್ಯಂತ ದೊಡ್ಡ ಜಾಣ್ಮೆ ಇದು.

ಕೆಟ್ಟ ಹವೆಯ ದಿನ ಮ್ಯಾಕ್ಸ್ ಕೇಗಲ್‌ನನ್ನೂ ನೆನೆಯಬೇಕು. 1926ರ ಸ್ಪರ್ಧೆಯಲ್ಲಿ ಗುಡುಗು ಮೋಡವೊಂದು ಅವನನ್ನು ಸೆಳೆದುಕೊಂಡಿತು. ಅವನು ಇಳಿದದ್ದು 55 ಕಿಲೋಮೀಟರ್ ಆಚೆ. ಅಷ್ಟು ದೂರ ಅಲ್ಲಿಯವರೆಗೆ ಯಾರೂ ಗ್ಲೈಡರ್‌ನಲ್ಲಿ ಹೋಗಿರಲಿಲ್ಲ.

ಆಮೇಲೆ ನಡೆದೇ ಕೆಳಗಿಳಿಯಿರಿ. ಫುಲ್ಡಾ ನದಿಯ ಮೂಲ ಇದೇ ಬೆಟ್ಟದ ಮಗ್ಗುಲಲ್ಲಿದೆ. ನಮ್ಮ ಹಾರಾಟ ನಿಲ್ಲಿಸಿದ ಮೋಡದ ನೀರೂ ಅದಕ್ಕೇ ಸೇರುತ್ತದೆ. ದಾರಿಯಲ್ಲಿ ರೋನ್ ಕುರಿಗಳು ಸಿಗಬಹುದು: ಮೈ ಬಿಳಿ, ತಲೆ ಮಾತ್ರ ಕಪ್ಪು, ತಲೆಯ ಮೇಲೆ ಉಣ್ಣೆಯಿಲ್ಲ.

ಮಧ್ಯಾಹ್ನ ಫುಲ್ಡಾ ಪಟ್ಟಣಕ್ಕೆ ಹೋಗಿ. ಸಂತ ಬೋನಿಫೇಸ್‌ನ ಸಮಾಧಿಯಿರುವ ಕೆಥೆಡ್ರಲ್ ಅನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ ಬಿಸಿಲು ಬಿತ್ತೆಂದು ತಕ್ಷಣ ವಾಪಸ್ ಓಡಬೇಡಿ. ಬೆಟ್ಟದ ನೆತ್ತಿ ಪಟ್ಟಣಕ್ಕಿಂತ ಸುಮಾರು 700 ಮೀಟರ್ ಮೇಲಿದೆ, ಕೆಳಗೆ ಬಿಸಿಲಿದ್ದಾಗಲೂ ಮೇಲೆ ಮೋಡ ಕೂತಿರಬಹುದು. ಅಷ್ಟರಲ್ಲಿ ಪಕ್ಕದ ಸಂತ ಮೈಕೆಲ್ ಚರ್ಚಿನ ನೆಲಮಾಳಿಗೆಗೆ ಇಳಿದು ಬನ್ನಿ. ಅದು 9ನೇ ಶತಮಾನದ್ದು.