ಸಂಘವನ್ನು ತಿದ್ದುವುದೋ, ಕೈಬಿಡುವುದೋ

2008ರ ಏಪ್ರಿಲ್‌ನಲ್ಲಿ ಅಮೆರಿಕದ ಯುಎಸ್ ಏರ್‌ವೇಸ್ ಕಂಪನಿಯ ಪೈಲಟ್‌ಗಳು ಮತ ಹಾಕಿ, ದಶಕಗಳಿಂದ ತಮ್ಮನ್ನು ಪ್ರತಿನಿಧಿಸಿದ್ದ ಸಂಘವನ್ನು ಕೈಬಿಟ್ಟರು. ಹೊಸ ಸಂಘಕ್ಕೆ 2,723 ಮತ ಬಿತ್ತು, ಹಳೆಯದಕ್ಕೆ 2,254. ಹಾಗೆ ಸೋತದ್ದು ಯಾವುದೋ ಸಣ್ಣ ಸಂಘವಲ್ಲ. 1931ರಲ್ಲಿ ಹುಟ್ಟಿ, ಪೈಲಟ್ ಸಂಘಗಳಲ್ಲೆಲ್ಲ ಅತಿ ದೊಡ್ಡದಾಗಿ ಬೆಳೆದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್. ಪೈಲಟ್‌ಗಳ ಬಾಯಲ್ಲಿ ಆಲ್ಪಾ. ಗೆದ್ದದ್ದು ಆ ಕಂಪನಿಯ ಪೈಲಟ್‌ಗಳೇ ಹಿಂದಿನ ವರ್ಷ ಕಟ್ಟಿಕೊಂಡಿದ್ದ ಯುಎಸ್ ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್, ಅಂದರೆ ಯುಸಾಪಾ.

ನಮ್ಮ ಸಂಘ ಸೊರಗಿದೆ, ಇದನ್ನು ಒಳಗಿದ್ದೇ ತಿದ್ದೋಣವೋ ಅಥವಾ ಕಿತ್ತು ಹಾಕಿ ಹೊಸದು ಕಟ್ಟೋಣವೋ ಎಂಬ ಚರ್ಚೆ ಕಾರ್ಮಿಕ ಸಂಘ ಇರುವ ಕಡೆಯೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಆ ಚರ್ಚೆ ನಡೆಸುವವರು ಈ ಚುನಾವಣೆಯ ಮುಂಚಿನ ಮೂರು ವರ್ಷಗಳನ್ನೂ ಅನಂತರದ ಎಂಟು ವರ್ಷಗಳನ್ನೂ ಎದುರಿಗಿಟ್ಟುಕೊಳ್ಳಬೇಕು. ಅಂದು ಬಹುಮತ ತಪ್ಪು ಮಾಡಿತೆಂದೇ ನನ್ನ ತೀರ್ಮಾನ. ಆದರೆ ಅವರ ಸಿಟ್ಟು ಸುಳ್ಳಾಗಿರಲಿಲ್ಲ. ಅದನ್ನು ಒಪ್ಪಿಕೊಳ್ಳದೆ ಅವರ ತಪ್ಪಿನ ಮಾತು ಎತ್ತುವುದು ನ್ಯಾಯವಲ್ಲ.

ಜಗಳದ ಬೇರು ಇದ್ದದ್ದು ಸೀನಿಯಾರಿಟಿ ಪಟ್ಟಿಯಲ್ಲಿ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಪೈಲಟ್‌ನ ಇಡೀ ಬದುಕು ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ. ಯಾವ ವಿಮಾನ ಹಾರಿಸುವುದು, ಯಾವ ಊರಿನಿಂದ ಹೊರಡುವುದು, ಬಲಗಡೆಯ ಸೀಟಿನಿಂದ ಎಡಗಡೆಯ ಕ್ಯಾಪ್ಟನ್ ಸೀಟಿಗೆ ಯಾವಾಗ ಬರುವುದು, ದೀಪಾವಳಿಯಷ್ಟು ದೊಡ್ಡದಾದ ಅವರ ಕ್ರಿಸ್‌ಮಸ್‌ಗೆ ಮನೆಯಲ್ಲಿರಲು ಆಗುತ್ತದೋ ಇಲ್ಲವೋ, ಕಂಪನಿ ಜನರನ್ನು ಇಳಿಸುವಾಗ ಮೊದಲು ಮನೆಗೆ ಹೋಗುವವರು ಯಾರು, ಎಲ್ಲವನ್ನೂ ಆ ಸಂಖ್ಯೆಯೇ ನಿರ್ಧರಿಸುತ್ತದೆ. ಇಪ್ಪತ್ತು ವರ್ಷದ ಅನುಭವವಿದ್ದವರೂ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲಿ ಪಟ್ಟಿಯ ತಳದಿಂದ ಶುರು ಮಾಡಬೇಕು. ಆದ್ದರಿಂದ ಪೈಲಟ್ ಕಂಪನಿ ಬದಲಿಸುವುದು ಕಷ್ಟ. ಅಸಮಾಧಾನವಾದಾಗ ಬದಲಿಸಲು ಸಾಧ್ಯವಾಗಿ ಕಾಣುವುದು ಸಂಘ ಒಂದೇ.

2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಕಂಪನಿಗಳು ಒಂದಾದವು. ಯುಎಸ್ ಏರ್‌ವೇಸ್ 2002ರಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ ದಿವಾಳಿ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಷಾರ್ಲಟ್, ಫಿಲಡೆಲ್ಫಿಯಾಗಳಿಂದ ಹಾರುತ್ತಿದ್ದ ಅದರ ಪೈಲಟ್‌ಗಳಿಗೆ ‘ಪೂರ್ವದವರು’ ಎಂದು ಹೆಸರಾಯಿತು. ಫೀನಿಕ್ಸಿನ ಅಮೆರಿಕ ವೆಸ್ಟ್ ಪೈಲಟ್‌ಗಳು ‘ಪಶ್ಚಿಮದವರು’. ಎರಡೂ ಕಡೆಯವರ ಸಂಘ ಆಲ್ಪಾವೇ. ಎರಡು ಪಟ್ಟಿಗಳನ್ನು ಹೇಗೆ ಹೆಣೆಯಬೇಕು ಎಂಬುದಕ್ಕೆ ಆಲ್ಪಾದ ಸ್ವಂತ ನಿಯಮವಿತ್ತು: ಮೊದಲು ಮಾತುಕತೆ, ಬಗೆಹರಿಯದಿದ್ದರೆ ಸಂಧಾನ, ಅದೂ ಆಗದಿದ್ದರೆ ಮಧ್ಯಸ್ಥನ ತೀರ್ಪು. ಆ ತೀರ್ಪೇ ಅಂತಿಮ, ಇಬ್ಬರಿಗೂ ಬದ್ಧ. ಕೆಲಸಕ್ಕೆ ಸೇರಿದ ದಿನಾಂಕವೇ ಆಧಾರವಾಗಲಿ ಎಂದರು ಪೂರ್ವದವರು. ವಿಲೀನದ ದಿನ ಯಾರು ಯಾವ ಜಾಗದಲ್ಲಿದ್ದರೋ ಅದನ್ನು ನೋಡಿ ಎಂದರು ಪಶ್ಚಿಮದವರು.

ಮಧ್ಯಸ್ಥ ಜಾರ್ಜ್ ನಿಕೊಲಾವ್ 2007ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟರು. ದೊಡ್ಡ ವಿಮಾನಗಳಿದ್ದದ್ದು ಪೂರ್ವದಲ್ಲಿ ಎಂಬ ಕಾರಣಕ್ಕೆ ಅಲ್ಲಿನ 517 ಹಿರಿಯ ಪೈಲಟ್‌ಗಳನ್ನು ಪಟ್ಟಿಯ ನೆತ್ತಿಯಲ್ಲಿಟ್ಟರು. ಲೇ-ಆಫ್ ಆಗಿ ಮನೆಯಲ್ಲಿದ್ದ ಪೂರ್ವದ ಪೈಲಟ್‌ಗಳನ್ನು ತಳಕ್ಕೆ ಹಾಕಿದರು. ಅವರು ಈ ವಿಲೀನಕ್ಕೆ ಯಾವ ಕೆಲಸವನ್ನೂ ಹೊತ್ತು ತಂದಿಲ್ಲ ಎಂಬುದು ನಿಕೊಲಾವ್ ವಾದ. ಉಳಿದವರನ್ನು ಅವರವರ ಪಟ್ಟಿಯಲ್ಲಿದ್ದ ಸ್ಥಾನದ ಪ್ರಕಾರ ಬೆರೆಸಿದರು. ಹೀಗಾಗಿ ಹದಿನಾರು ಹದಿನೇಳು ವರ್ಷ ದುಡಿದಿದ್ದ ಪೂರ್ವದ ಕೋ-ಪೈಲಟ್ ಒಬ್ಬ, ಕೆಲವೇ ತಿಂಗಳ ಹಿಂದೆ ಸೇರಿದ್ದ ಪಶ್ಚಿಮದವನ ಪಕ್ಕದಲ್ಲಿ ಬಂದು ನಿಂತ. ಮುಳುಗುತ್ತಿದ್ದ ಕಂಪನಿಯಲ್ಲಿನ ಹಳೆಯ ಸೇವೆಗೆ ಎಷ್ಟು ಬೆಲೆ? ನಿಕೊಲಾವ್ ಅದಕ್ಕೆ ಅತಿ ಕಡಿಮೆ ಬೆಲೆ ಕಟ್ಟಿದರು ಎಂದೇ ನನಗೆ ಅನಿಸುತ್ತದೆ. ಮುಂದಿನ ವರ್ಷಗಳಲ್ಲಿ ನಿವೃತ್ತರಾಗಲಿದ್ದವರಲ್ಲಿ ಹೆಚ್ಚಿನವರು ಪೂರ್ವದವರೇ ಆಗಿದ್ದರು. ಅವರು ತೆರವು ಮಾಡುವ ಸೀಟುಗಳಿಗಾಗಿ ಕಾದು ಕೂತಿದ್ದ ಕಿರಿಯರ ಲೆಕ್ಕವೆಲ್ಲ ಆ ಒಂದು ಪಟ್ಟಿಯಿಂದ ತಲೆಕೆಳಗಾಯಿತು.

ಅದರ ಮೇಲೆ ಹಳೆಯ ಗಾಯಗಳೂ ಇದ್ದವು. ಪೂರ್ವದವರ ಪಿಂಚಣಿ ಯೋಜನೆಯನ್ನು 2003ರಲ್ಲೇ ದಿವಾಳಿಯ ಹೆಸರಿನಲ್ಲಿ ಮುಚ್ಚಲಾಗಿತ್ತು, ಸಂಬಳಕ್ಕೆ ಮತ್ತೆ ಮತ್ತೆ ಕತ್ತರಿ ಬಿದ್ದಿತ್ತು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿ 155 ಜೀವ ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಇದೇ ಪೂರ್ವದ ಪೈಲಟ್. 2009ರ ಫೆಬ್ರುವರಿಯಲ್ಲಿ ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ತನ್ನ ಸಂಬಳದಲ್ಲಿ ಶೇಕಡಾ 40 ಹೋಯಿತು, ಪಿಂಚಣಿಯೂ ಹೋಯಿತು ಎಂದು ಹೇಳಿದರು. ಇಷ್ಟೆಲ್ಲ ಕಳೆದುಕೊಳ್ಳುವಾಗ ಸಂಘ ಏನು ಮಾಡುತ್ತಿತ್ತು ಎಂದು ಸದಸ್ಯರು ಕೇಳಿದ್ದರಲ್ಲಿ ತಪ್ಪೇನಿದೆ?

ಆಲ್ಪಾದ ಮೇಲಿನ ಆರೋಪಗಳಲ್ಲಿ ಹುರುಳಿತ್ತು. ಎರಡೂ ಕಡೆಯವರಿಂದ ಚಂದಾ ಪಡೆಯುತ್ತಿದ್ದ ಕೇಂದ್ರ ಸಂಘ, ಪಟ್ಟಿಯ ಪ್ರಶ್ನೆ ಬಂದಾಗ ತಟಸ್ಥವಾಗಿ ನಿಂತು, ತನ್ನ ಸದಸ್ಯರನ್ನೇ ಒಬ್ಬರಿಗೊಬ್ಬರು ಎದುರಾಳಿಗಳನ್ನಾಗಿ ಮಾಡಿ ಮಧ್ಯಸ್ಥನ ಬಳಿಗೆ ಕಳಿಸಿತು. 2001ರಲ್ಲಿ ಟಿಡಬ್ಲ್ಯುಎ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗಲೂ ಟಿಡಬ್ಲ್ಯುಎ ಪೈಲಟ್‌ಗಳಲ್ಲಿ ಬಹಳ ಮಂದಿ ಪಟ್ಟಿಯ ತಳ ಸೇರಿದ್ದರು. ಅವರ ಪರವಾಗಿ ಆಲ್ಪಾ ಪ್ರಾಮಾಣಿಕವಾಗಿ ನಿಲ್ಲಲಿಲ್ಲ ಎಂದು 2011ರಲ್ಲಿ ನ್ಯೂಜೆರ್ಸಿಯ ಜ್ಯೂರಿ ತೀರ್ಮಾನಿಸಿತು. ಅಂದರೆ ವಿಲೀನದ ಹೊತ್ತಿನಲ್ಲಿ ಈ ಸಂಘ ಎಡವುತ್ತದೆ ಎಂಬ ಮಾತಿಗೆ ಆಧಾರವಿತ್ತು. ತಿದ್ದುವುದಕ್ಕೆ ಬೇಕಾದಷ್ಟಿತ್ತು.

ಪೂರ್ವದವರು ಆರಿಸಿಕೊಂಡದ್ದು ಬೇರೆ ದಾರಿ. ಅಮೆರಿಕದಲ್ಲಿ ರೈಲು ಮತ್ತು ವಿಮಾನ ಕಾರ್ಮಿಕರಿಗೆ ಅನ್ವಯಿಸುವ ರೈಲ್ವೆ ಲೇಬರ್ ಕಾಯ್ದೆಯ ಪ್ರಕಾರ, ಒಂದು ಕಂಪನಿಯ ಪೈಲಟ್‌ಗಳೆಲ್ಲರಿಗೂ ಸೇರಿ ಒಂದೇ ಸಂಘ. ಸಾಕಷ್ಟು ಸಹಿ ಸೇರಿಸಿದರೆ ಸರ್ಕಾರಿ ಮಂಡಳಿಯೊಂದು ಗುಪ್ತ ಮತದಾನ ನಡೆಸುತ್ತದೆ; ಗೆದ್ದವರು ಸೋತವರನ್ನೂ ಪ್ರತಿನಿಧಿಸುತ್ತಾರೆ. ಸಂಖ್ಯೆಯಲ್ಲಿ ಪೂರ್ವದವರು ಪಶ್ಚಿಮದವರ ಎರಡು ಪಟ್ಟಿಗೂ ಹೆಚ್ಚು. ಚುನಾವಣೆ ನಡೆದರೆ ಯಾರು ಗೆಲ್ಲುತ್ತಾರೆಂದು ಊಹಿಸುವುದು ಕಷ್ಟವಿರಲಿಲ್ಲ. ಯುಸಾಪಾ ತನ್ನ ಸಂವಿಧಾನದಲ್ಲೇ, ಸೇರಿದ ದಿನಾಂಕವೇ ಸೀನಿಯಾರಿಟಿಯ ತತ್ತ್ವ ಎಂದು ಬರೆದುಕೊಂಡಿತು. ಅದಕ್ಕೆ ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲೇ. ಸಂಬಳವನ್ನೋ ಕೆಲಸದ ಗಂಟೆಗಳನ್ನೋ ಕಂಪನಿಯೊಂದಿಗೆ ಇನ್ನೂ ಚೆನ್ನಾಗಿ ಚೌಕಾಸಿ ಮಾಡಲು ಹುಟ್ಟಿದ ಸಂಘವಾಗಿರಲಿಲ್ಲ ಇದು. ಇಬ್ಬರೂ ಒಪ್ಪಿ ಒಪ್ಪಿಸಿದ್ದ ನ್ಯಾಯದಲ್ಲಿ ಸೋತವರು, ಸಂಖ್ಯೆಯ ಬಲದಿಂದ ಆ ನ್ಯಾಯವನ್ನು ಅಳಿಸಲು ಕಟ್ಟಿದ ಸಂಘ. ಅಣ್ಣ ತಮ್ಮಂದಿರು ಪಂಚರನ್ನು ಕೂರಿಸಿ ಪಾಲು ಮಾಡಿಸಿಕೊಂಡ ಮೇಲೆ, ಮನೆಯಲ್ಲಿ ಅಣ್ಣನ ಮಕ್ಕಳೇ ಹೆಚ್ಚು ಎಂದು ಪಾಲುಪಟ್ಟಿಯನ್ನು ಹರಿದಂತೆ.

ಮುಂದಿನದು ನೋವಿನ ಕಥೆ. ಅಧಿಕಾರಕ್ಕೆ ಬಂದ ಕೆಲವೇ ವಾರಗಳಲ್ಲಿ ಯುಸಾಪಾ ತಾನೇ ಪ್ರತಿನಿಧಿಸಬೇಕಾಗಿದ್ದ ಪಶ್ಚಿಮದ ಕೆಲವು ಪೈಲಟ್‌ಗಳ ಮೇಲೆ, ಸಂಘಟಿತ ಅಪರಾಧ ತಡೆಯ ಕಾನೂನಿನಡಿ ಮೊಕದ್ದಮೆ ಹೂಡಿತು. ಕೋರ್ಟು ಅದನ್ನು ವಜಾ ಮಾಡಿತು. ಪಶ್ಚಿಮದವರು ಫೀನಿಕ್ಸಿನಲ್ಲಿ ಹೂಡಿದ ದಾವೆಯಲ್ಲಿ 2009ರ ಮೇ ತಿಂಗಳಲ್ಲಿ ಜ್ಯೂರಿ ಅವರ ಪರ ನಿಂತಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ಹೊಸ ಒಪ್ಪಂದವೇ ಆಗದಿರುವಾಗ ತೀರ್ಪಿಗೆ ಕಾಲ ಪಕ್ವವಾಗಿಲ್ಲ ಎಂದು ಅದನ್ನು ರದ್ದು ಮಾಡಿತು. ಈ ಮಾತು ಸಣ್ಣದಾಗಿ ಕಂಡರೂ ಇಡೀ ಗಂಟು ಅದರಲ್ಲೇ ಇದೆ. ನಿಕೊಲಾವ್ ಪಟ್ಟಿ ಜಾರಿಗೆ ಬರುವುದು ಎರಡೂ ಕಡೆಗೆ ಸೇರಿ ಒಂದು ಒಪ್ಪಂದ ಆದ ಮೇಲೆ ಎಂದು ವಿಲೀನದ ಹೊತ್ತಿನಲ್ಲೇ ಬರೆದುಕೊಂಡಿದ್ದರು. ಆದ್ದರಿಂದ ಪಟ್ಟಿಯನ್ನು ತಡೆಯಬೇಕೆಂದರೆ ಒಪ್ಪಂದವನ್ನೇ ತಡೆಯಬೇಕು. ಒಪ್ಪಂದ ತಡೆದರೆ ಸಂಬಳ ಏರದು. ದಿವಾಳಿಯ ದಿನಗಳಲ್ಲಿ ಬಗ್ಗಿ ಒಪ್ಪಿಕೊಂಡಿದ್ದ ಸಂಬಳಕ್ಕೇ ಪೂರ್ವದವರು ವರ್ಷಗಟ್ಟಲೆ ಹಾರಿದರು. ಪಶ್ಚಿಮದವರೂ ತಮ್ಮ ಹಳೆಯ ಒಪ್ಪಂದದಲ್ಲೇ ಉಳಿದರು. ವಿಮಾನಗಳಿಗೆ ಒಂದೇ ಬಣ್ಣ ಬಳಿದಿತ್ತು, ಒಳಗೆ ಎರಡು ಬೇರೆ ಬೇರೆ ಪೈಲಟ್ ಗುಂಪು. ಒಬ್ಬರ ವಿಮಾನ ಇನ್ನೊಬ್ಬರು ಹಾರಿಸುವಂತಿಲ್ಲ. ಪೈಲಟ್‌ಗಳು ಒಗ್ಗಟ್ಟಾಗಿಲ್ಲದ ಪ್ರತಿ ತಿಂಗಳೂ ಕಂಪನಿಗೆ ಉಳಿತಾಯವೇ. 2011ರಲ್ಲಿ ಯುಸಾಪಾ ಒಪ್ಪಂದದ ಒತ್ತಡಕ್ಕಾಗಿ ಕೆಲಸ ನಿಧಾನ ಮಾಡಿಸುತ್ತಿದೆ ಎಂದು ಕಂಪನಿ ಕೋರ್ಟಿಗೆ ಹೋಯಿತು. ಷಾರ್ಲಟ್‌ನ ನ್ಯಾಯಾಧೀಶರು ಸಂಘದ ವಿರುದ್ಧ ತಡೆಯಾಜ್ಞೆ ಕೊಟ್ಟರು. ಮತ್ತೆ ದಾವೆ, ಮತ್ತೆ ಮೇಲ್ಮನವಿ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ, ಯುಸಾಪಾ ಪಶ್ಚಿಮದ ಸದಸ್ಯರನ್ನು ನ್ಯಾಯವಾಗಿ ಪ್ರತಿನಿಧಿಸಲಿಲ್ಲ ಎಂದೇ ಹೇಳಿತು.

ಅಷ್ಟರಲ್ಲಿ ಯುಸಾಪಾ ಪ್ರತಿನಿಧಿ ಸಂಘವಾಗಿ ಉಳಿದಿರಲೇ ಇಲ್ಲ. 2013ರ ಕೊನೆಯಲ್ಲಿ ಯುಎಸ್ ಏರ್‌ವೇಸ್ ಅಮೆರಿಕನ್ ಏರ್‌ಲೈನ್ಸ್ ಜೊತೆ ಒಂದಾಯಿತು. 2014ರಲ್ಲಿ ಎಲ್ಲ ಪೈಲಟ್‌ಗಳೂ ಅಮೆರಿಕನ್‌ನ ಸಂಘವಾದ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಕೆಳಗೆ ಬಂದರು. 2016ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮಧ್ಯಸ್ಥ ಮಂಡಳಿ ಮೂರು ಗುಂಪಿನವರನ್ನೂ ಸೇರಿಸಿ ಹೊಸ ಪಟ್ಟಿ ಮಾಡಿತು. ಸೇವೆಯ ಅವಧಿ, ವಿಲೀನದ ಹೊತ್ತಿನ ದರ್ಜೆ, ಎರಡನ್ನೂ ಅದು ತೂಗಿತು. ಮಧ್ಯಸ್ಥರನ್ನು ತಪ್ಪಿಸಿಕೊಳ್ಳಲು ಹೊರಟವರ ಭವಿಷ್ಯವನ್ನು ಕೊನೆಗೂ ಮಧ್ಯಸ್ಥರೇ ಬರೆದರು. ನಡುವೆ ಹೋದ ವರ್ಷಗಳ ಸಂಬಳವನ್ನು ಯಾರೂ ತಿರುಗಿ ಕೊಡಲಿಲ್ಲ.

ಇನ್ನು ಒಳಗಿದ್ದು ತಿದ್ದುವ ದಾರಿ. ನನ್ನನ್ನು ಬಹಳ ಕಾಡುವ ಸಂಗತಿ ಇದು: 2009ರಲ್ಲಿ ಆಲ್ಪಾ ತನ್ನ ವಿಲೀನ ನೀತಿಯನ್ನು ಬದಲಿಸಿ, ಪಟ್ಟಿ ಹೆಣೆಯುವಾಗ ಸೇವೆಯ ಅವಧಿಯನ್ನೂ ಪರಿಗಣಿಸಬೇಕೆಂದು ಸೇರಿಸಿತು. ಪೂರ್ವದವರು ಕೇಳಿದ್ದಕ್ಕೆ ಇದು ತೀರ ಹತ್ತಿರ. ಅವರು ಬಿಟ್ಟು ಹೋದದ್ದರ ಪೆಟ್ಟೂ ಆ ಬದಲಾವಣೆಗೆ ಒಂದು ಕಾರಣವೆಂದು ವಾದಿಸಬಹುದು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ನೀತಿಯ ಫಲ ಉಣ್ಣಲು ಅವರು ಒಳಗೆ ಇರಲಿಲ್ಲ. 2008ರಲ್ಲೇ ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಕಂಪನಿಗಳು ಒಂದಾದಾಗ, ಎರಡೂ ಕಡೆಯ ಆಲ್ಪಾ ಪೈಲಟ್‌ಗಳು ಮೊದಲು ಒಂದೇ ಒಪ್ಪಂದ ಮಾಡಿಕೊಂಡು, ಪಟ್ಟಿಯನ್ನು ಮಧ್ಯಸ್ಥರಿಗೆ ಬಿಟ್ಟರು. ವರ್ಷ ಮುಗಿಯುವುದರೊಳಗೆ ಪಟ್ಟಿ ಬಂತು. ಅಲ್ಲಿಯೂ ಕಹಿಯುಂಡವರಿದ್ದರು. ಆದರೆ ಕಂಪನಿಯ ಮುಂದೆ ಕೂತಾಗ ಅವರೆಲ್ಲ ಒಂದೇ ಕಡೆ ಕೂತರು.

ಹಾಗೆಂದು ಸಂಘ ಬದಲಿಸುವುದೇ ಅಪರಾಧವಲ್ಲ. 1963ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಆಲ್ಪಾ ಬಿಟ್ಟು ಅಲೈಡ್ ಪೈಲಟ್ಸ್ ಕಟ್ಟಿದರು. ಕಾಕ್‌ಪಿಟ್‌ನ ಮೂರನೆಯ ಸೀಟಿನಲ್ಲಿ ಯಾರು ಕೂರಬೇಕು ಎಂಬ ವಿಷಯದಲ್ಲಿ ಕೇಂದ್ರ ಸಂಘದ ನೀತಿಗೂ ಅವರಿಗೂ ತೀವ್ರ ಭಿನ್ನಮತವಿತ್ತು. ಆ ಸಂಘ ಇಂದಿಗೂ ನಿಂತಿದೆ. ಅಲ್ಲಿ ತಮ್ಮೊಳಗಿನ ಇನ್ನೊಂದು ಗುಂಪಿನ ಪಾಲನ್ನು ಕಸಿಯುವ ಉದ್ದೇಶವಿರಲಿಲ್ಲ, ಜಗಳ ನೀತಿಯದು. ಫೆಡೆಕ್ಸ್ ಪೈಲಟ್‌ಗಳು 1990ರ ದಶಕದಲ್ಲಿ ಆಲ್ಪಾ ಸೇರಿ, ಬಿಟ್ಟು ಸ್ವಂತ ಸಂಘ ಮಾಡಿ, 2002ರಲ್ಲಿ ಮತ್ತೆ ಆಲ್ಪಾಕ್ಕೇ ಬಂದರು. ಹೊರಗೆ ಹೋದ ಮೇಲೆ ವಕೀಲರು, ಸುರಕ್ಷತಾ ತಜ್ಞರು, ಹಣಕಾಸಿನ ಲೆಕ್ಕ ಹಾಕುವವರು, ರಾಜಧಾನಿಯಲ್ಲಿ ಮಾತಾಡುವವರು ಎಲ್ಲರನ್ನೂ ತಾವೇ ಹೊಂದಿಸಿಕೊಳ್ಳಬೇಕು. ಸಂಘ ಒಡೆಯೋಣ ಎನ್ನುವವರು ಈ ಖರ್ಚಿನ ಲೆಕ್ಕ ಕೊಡುವುದು ಅಪರೂಪ.

ಇದೇ ರೋಗ ನಮ್ಮಲ್ಲೂ ಅದೇ ಕಾಲದಲ್ಲಿ ಕಾಣಿಸಿಕೊಂಡಿತು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಏರ್ ಇಂಡಿಯಾ ಕಡೆ ಇಂಡಿಯನ್ ಪೈಲಟ್ಸ್ ಗಿಲ್ಡ್, ಇಂಡಿಯನ್ ಏರ್‌ಲೈನ್ಸ್ ಕಡೆ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. ಎರಡೂ ಹಾಗೇ ಉಳಿದವು. 2011ರಲ್ಲಿ ಸಮಾನ ಸಂಬಳ ಕೇಳಿ ಕಮರ್ಷಿಯಲ್ ಪೈಲಟ್ಸ್‌ನವರು ಹತ್ತು ದಿನ ಮುಷ್ಕರ ಹೂಡಿದರು. 2012ರಲ್ಲಿ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಅವರಿಗೂ ಕೊಡುವುದನ್ನು ವಿರೋಧಿಸಿ ಗಿಲ್ಡ್‌ನವರು 58 ದಿನ ಕೆಲಸಕ್ಕೆ ಬರಲಿಲ್ಲ. ಎರಡು ಸಲವೂ ಆಡಳಿತ ಆಯಾ ಸಂಘದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಸಂಘವನ್ನು ತಿದ್ದುವುದೋ ಬದಲಿಸುವುದೋ ಎಂದು ಸದಸ್ಯರು ಮತ ಹಾಕುವ ಪ್ರಶ್ನೆಯೇ ಅಲ್ಲಿ ಬರಲಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆ ನೋಂದಣಿಗೆ ದಾರಿ ಮಾಡಿತ್ತೇ ಹೊರತು, ಮಾನ್ಯತೆ ಕೊಡಲೇಬೇಕೆಂದು ಮಾಲೀಕರನ್ನು ಕಟ್ಟಿಹಾಕಿರಲಿಲ್ಲ. ಯುಎಸ್ ಏರ್‌ವೇಸ್ ಪೈಲಟ್‌ಗಳ ಕೈಯಲ್ಲಿದ್ದ ಮತಪತ್ರ ಎಷ್ಟು ದೊಡ್ಡ ಹಕ್ಕು ಎಂಬುದು ಇದರ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. ಅದನ್ನು ಅವರು ತಮ್ಮವರ ಮೇಲೆಯೇ ಬಳಸಿದ್ದು ನನಗೆ ಅಷ್ಟು ನೋವಿನ ವಿಷಯವಾಗಿರುವುದೂ ಅದಕ್ಕೇ.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈ ಸೇರಿತು. ಮರುವರ್ಷ ಏಪ್ರಿಲ್‌ನಲ್ಲಿ ಹೊಸ ಸಂಬಳ ಕರಾರು ಬಂದಾಗ ಗಿಲ್ಡ್ ಮತ್ತು ಕಮರ್ಷಿಯಲ್ ಪೈಲಟ್ಸ್ ಎರಡೂ ಸೇರಿ, ಸಹಿ ಹಾಕಬೇಡಿ ಎಂದು ತಮ್ಮ ಸದಸ್ಯರಿಗೆ ಹೇಳಿದವು. ಒಂದು ಕಾಲಕ್ಕೆ ಒಬ್ಬರ ತರಬೇತಿಯನ್ನು ತಡೆಯಲು ಇನ್ನೊಬ್ಬರು ಎರಡು ತಿಂಗಳು ಮುಷ್ಕರ ಹೂಡಿದ್ದ ಸಂಘಗಳು ಇವು. ಹೊಸ ಸಂಘವನ್ನು ಯಾರೂ ಕಟ್ಟಲಿಲ್ಲ, ಹಳೆಯದನ್ನು ಯಾರೂ ಮುಚ್ಚಲಿಲ್ಲ. ಆದರೆ ಆ ಒಗ್ಗಟ್ಟು ಬಂದದ್ದು ತಡವಾಗಿ.