ಬಿಸಿಯನ್ನು ಬೈಯುವ ಮುನ್ನ ವ್ಯಾಟ್ ಕೇಳಿ

ಎಪ್ಪತ್ತು ಎಂಬತ್ತು ಸಾವಿರ ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರು ಮೊದಲ ವಾರದಲ್ಲೇ ಮಾಡುವ ಕೆಲಸವೊಂದಿದೆ. ಪರದೆಯ ಮೂಲೆಯಲ್ಲಿ ತಾಪಮಾನ ತೋರಿಸುವ ತಂತ್ರಾಂಶ ಹಾಕಿಕೊಂಡು, ಆಟ ಬಿಟ್ಟು ಆ ಅಂಕಿಯನ್ನೇ ನೋಡುತ್ತ ಕೂರುವುದು. ಅದು 95 ಮುಟ್ಟಿತೆಂದರೆ ಎದೆ ಧಸಕ್ಕೆನ್ನುತ್ತದೆ. ಗೆಳೆಯರನ್ನು ಕೇಳಿದರೆ ಸಿದ್ಧ ಉತ್ತರಗಳು ಬರುತ್ತವೆ: ಪೀಸ್ ಡಿಫೆಕ್ಟ್ ಇದೆ, ವಾಪಸ್ ಕೊಡು, ಒಂದು ಕೂಲಿಂಗ್ ಪ್ಯಾಡ್ ತಗೋ, ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡೋದೇ ದಡ್ಡತನ. ಬಿಸಿಯೆಂದರೆ ರೋಗ ಎನ್ನುವ ನಂಬಿಕೆ ಈ ಎಲ್ಲ ಉತ್ತರಗಳ ಬುಡದಲ್ಲಿದೆ. ನನ್ನ ತಕರಾರು ಆ ನಂಬಿಕೆಯ ಜೊತೆಗೆ. ಮಧ್ಯಮ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ತಾಪಮಾನ ಒಂದು ಲೆಕ್ಕದ ಕೊನೆಯ ಸಾಲು. ಮೇಲಿನ ಸಾಲುಗಳನ್ನು ಮುಚ್ಚಿಟ್ಟು ಮಾಲು ಮಾರುತ್ತಾರಲ್ಲ, ಸಿಟ್ಟು ಬರಬೇಕಾದ್ದು ಅಲ್ಲಿ.

ಮೊದಲು ಆ 95ರ ವಿಚಾರ. ಇಂಟೆಲ್‌ನ ಐ5-12500ಎಚ್ ಪ್ರೊಸೆಸರ್‌ಗೆ ಕಂಪನಿಯೇ ನಿಗದಿಪಡಿಸಿರುವ ಗರಿಷ್ಠ ತಾಪಮಾನ 100 ಡಿಗ್ರಿ. ಎಎಂಡಿಯ ರೈಜೆನ್ 5 5600ಎಚ್‌ಗೆ 105. ಇಂದಿನ ಚಿಪ್‌ಗಳು ತಮ್ಮ ವೇಗವನ್ನು ತಾವೇ ಏರಿಸುತ್ತ ಹೋಗುತ್ತವೆ. ವಿದ್ಯುತ್ತು, ತಾಪಮಾನ, ಮತ್ತೊಂದು, ಯಾವುದಾದರೂ ಒಂದು ಮಿತಿ ಅಡ್ಡ ಬರುವವರೆಗೆ ಏರುತ್ತವೆ, ಬಂದಾಗ ಇಳಿಯುತ್ತವೆ. ಅಂದರೆ ಮಿತಿಯ ಹತ್ತಿರ ಓಡುವುದು ಆಕಸ್ಮಿಕವಲ್ಲ, ಹಾಗೆ ಓಡಲೆಂದೇ ಅವನ್ನು ಮಾಡಿದ್ದಾರೆ. ಇದೇ 12500ಎಚ್‌ಗೆ ಮೂಲ ವಿದ್ಯುತ್ ಲೆಕ್ಕ 45 ವ್ಯಾಟ್, ಟರ್ಬೋದಲ್ಲಿ ಗರಿಷ್ಠ 95 ವ್ಯಾಟ್. ಆ ಎತ್ತರದಲ್ಲಿ ಎಷ್ಟು ಹೊತ್ತು ಇರಬೇಕೆನ್ನುವುದನ್ನೂ ಬರೆದಿಟ್ಟಿರುತ್ತಾರೆ. ಸಾಮಾನ್ಯವಾಗಿ 28 ಅಥವಾ 56 ಸೆಕೆಂಡು. ಅದಾದ ಮೇಲೆ ವೇಗ ಬಿದ್ದರೆ ನಮ್ಮವರು ‘ಥ್ರಾಟಲ್ ಆಗ್ತಿದೆ’ ಎಂದು ಗಾಬರಿಯಾಗುತ್ತಾರೆ. ಆಟ ಮಧ್ಯದಲ್ಲೇ ಸತ್ತು ಯಂತ್ರ ಆಫ್ ಆಯಿತು, ಅಥವಾ ವೇಗ ನಾಲ್ಕುನೂರು ಮೆಗಾಹರ್ಟ್ಸ್‌ಗೆ ಕುಸಿದು ಅಲ್ಲೇ ಕೂತಿತು ಎಂದರೆ ಮಾತು ಬೇರೆ: ಫ್ಯಾನ್ ನಿಂತಿದೆ, ಧೂಳು ಕಟ್ಟಿದೆ ಅಥವಾ ಚಿಪ್ ಮೇಲೆ ಹಚ್ಚಿದ ಪೇಸ್ಟ್ ಒಣಗಿದೆ. ಅದು ನಿಜವಾದ ಕೆಡುಕು, ರಿಪೇರಿಗೆ ಕೊಡಬೇಕು.

ಈಗ ಮುಚ್ಚಿಟ್ಟ ಸಾಲುಗಳು. ಅಂಗಡಿಯಲ್ಲಿ ಲ್ಯಾಪ್‌ಟಾಪ್‌ನ ಕೈ ಇಡುವ ಜಾಗದಲ್ಲಿ ಹೊಳೆಯುವ ಸ್ಟಿಕರ್ ಇರುತ್ತದೆ: ಆರ್‌ಟಿಎಕ್ಸ್ 4060. ಈ ಹೆಸರಿನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗೆ ನ್ವಿಡಿಯಾ ಕೊಟ್ಟಿರುವ ವಿದ್ಯುತ್ ವ್ಯಾಪ್ತಿ 35ರಿಂದ 115 ವ್ಯಾಟ್. ಒಂದು ತುದಿಗೂ ಇನ್ನೊಂದು ತುದಿಗೂ ಮೂರು ಪಟ್ಟಿಗಿಂತ ಹೆಚ್ಚು ಅಂತರ, ಎರಡಕ್ಕೂ ಸ್ಟಿಕರ್ ಒಂದೇ! ಅದರ ಕೆಳಗಿನ ದರ್ಜೆಯ 4050ಕ್ಕೂ ವ್ಯಾಪ್ತಿ ಅಷ್ಟೇ. ಹೀಗಾಗಿ ವ್ಯಾಟ್ ಕೊರತೆಯಿಂದ ಸೊರಗಿದ 4060 ಅನ್ನು ಹೊಟ್ಟೆ ತುಂಬ ಕರೆಂಟ್ ಸಿಕ್ಕ 4050 ಹಿಂದೆ ಹಾಕಬಹುದು, ಅದೂ ಕಡಿಮೆ ಬೆಲೆಗೆ. ಹಿಂದೆ ಕಡಿಮೆ ವ್ಯಾಟಿನ ಚಿಪ್‌ಗಳಿಗೆ ‘ಮ್ಯಾಕ್ಸ್-ಕ್ಯೂ’ ಎಂಬ ಬಾಲವಾದರೂ ಇರುತ್ತಿತ್ತು, ನೋಡಿದವರಿಗೆ ಸುಳಿವು ಸಿಗುತ್ತಿತ್ತು. 2021ರಲ್ಲಿ 30ರ ಸರಣಿ ಬಂದಾಗ ಆ ಬಾಲ ಉದುರಿಹೋಯಿತು. ವ್ಯಾಟ್ ಎಷ್ಟೆಂದು ತಿಳಿಸುವ ಹೊಣೆ ಲ್ಯಾಪ್‌ಟಾಪ್ ತಯಾರಕರ ಮೇಲೆ ಬಿತ್ತು. ಅವರಲ್ಲಿ ಕೆಲವರು ಅದನ್ನು ಪುಟದ ತಳದ ಸಣ್ಣಕ್ಷರಕ್ಕೆ ದೂಡಿ ಕೈ ತೊಳೆದುಕೊಂಡರು. ಕೀಬೋರ್ಡ್‌ನ ಬಣ್ಣದ ದೀಪಕ್ಕೆ ಅರ್ಧ ಪುಟ, ವ್ಯಾಟಿಗೆ ಅರ್ಧ ಸಾಲು.

ಆ ವ್ಯಾಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಅದು ಹೊರಹೋಗುವ ದಾರಿ ಕಾಣಬೇಕಾದರೆ ಒಂದು ಲ್ಯಾಪ್‌ಟಾಪ್‌ನ ತಳದ ಮುಚ್ಚಳ ಬಿಚ್ಚಿ ನೋಡಿ. ಎರಡು ಚೌಕ ಚಿಪ್‌ಗಳ ಮೇಲೆ ಹಾದು ಎರಡು ಮೂಲೆಗಳ ಫ್ಯಾನ್‌ಗಳ ಕಡೆ ಬಾಗಿದ, ಚಪ್ಪಟೆಯಾದ ತಾಮ್ರದ ಕೊಳವೆಗಳು ಕಾಣುತ್ತವೆ. ಒಳಗೆ ಗಾಳಿ ತೆಗೆದು ಒಂಚೂರು ನೀರು ಹಾಕಿ ಮುಚ್ಚಿರುತ್ತಾರೆ. ಚಿಪ್ ಮೇಲಿನ ತುದಿಯಲ್ಲಿ ನೀರು ಆವಿಯಾಗುತ್ತದೆ, ಫ್ಯಾನ್ ಕಡೆಯ ತುದಿಯಲ್ಲಿ ತಣ್ಣಗಾಗಿ ಹನಿಯುತ್ತದೆ, ಕೊಳವೆಯ ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮತ್ತೆ ಚಿಪ್ ಬಳಿಗೆ ಬರುತ್ತದೆ. ಮಧ್ಯಮ ಬೆಲೆಯ ಮಾಡೆಲ್‌ಗಳಲ್ಲಿ ಬಹಳ ಸಲ ಒಂದೇ ಕೊಳವೆ ಪ್ರೊಸೆಸರನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಮುಟ್ಟಿಕೊಂಡು ಹೋಗುತ್ತದೆ. ಪ್ರೊಸೆಸರ್ ಅಬ್ಬರಿಸಿದರೆ ಅದರ ಬಿಸಿ ಪಕ್ಕದವನ ಪಾಲಿಗೂ ಬೀಳುತ್ತದೆ.

ತಮಾಷೆ ಏನೆಂದರೆ, ಆ ಅಬ್ಬರ ಹೆಚ್ಚಿನ ಆಟಗಳಲ್ಲಿ ದಂಡ. ಸೈಬರ್‌ಪಂಕ್ 2077ನಂಥ ಆಟದಲ್ಲಿ ಈ ವರ್ಗದ ಯಂತ್ರದ ಭಾರವೆಲ್ಲ ಗ್ರಾಫಿಕ್ಸ್ ಚಿಪ್ ಮೇಲೆ. ಪ್ರೊಸೆಸರ್ ನಾಲ್ಕೂವರೆ ಗಿಗಾಹರ್ಟ್ಸ್‌ನಲ್ಲಿ ಓಡಲಿ, ಮೂರರಲ್ಲಿ ಓಡಲಿ, ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಕ್ಕಷ್ಟೇ. ಆದರೆ ಖರ್ಚಿನಲ್ಲಿ ಭಾರಿ ವ್ಯತ್ಯಾಸ. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ, ವೇಗ ಹೆಚ್ಚಿಸಬೇಕಾದರೆ ವೋಲ್ಟೇಜೂ ಹೆಚ್ಚಿಸಬೇಕು. ಐವತ್ತರಲ್ಲಿ ಹೋಗುವ ಬೈಕನ್ನು ತೊಂಬತ್ತಕ್ಕೆ ಎಳೆದರೆ ಮೈಲೇಜ್ ಏನಾಗುತ್ತದೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಇದ್ದದ್ದನ್ನು 99 ಮಾಡಿದರೆ ಸಾಮಾನ್ಯವಾಗಿ ಟರ್ಬೋ ನಿಂತುಹೋಗುತ್ತದೆ. ಪ್ರೊಸೆಸರ್ ಹತ್ತು ಹದಿನೈದು ಡಿಗ್ರಿ ಇಳಿಯುವುದು ಅಪರೂಪವೇನಲ್ಲ, ಖರ್ಚು ಸೊನ್ನೆ. (ವ್ಯಾಲೊರಂಟ್ ಆಡುವವರು ಇದನ್ನು ಮಾಡಬೇಡಿ. ಅದು ಪ್ರೊಸೆಸರನ್ನೇ ನಂಬಿದ ಆಟ, ಫ್ರೇಮ್ ಬಿದ್ದುಹೋಗುತ್ತದೆ.)

ಫ್ರೇಮ್ ವಿಷಯಕ್ಕೆ ಬಂದರೆ, ‘ಎಷ್ಟು ಬರುತ್ತೋ ಅಷ್ಟೂ ಬರಲಿ’ ಎನ್ನುವುದು ಇನ್ನೊಂದು ಮೂಢನಂಬಿಕೆ. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಿಡುಗಡೆಯಾದಾಗ ಕೆಲವರ ಯಂತ್ರಗಳು ಯುದ್ಧದ ನಡುವೆ ಅಲ್ಲ, ಮೆನು ಪರದೆಯಲ್ಲಿ ಬಿಸಿಯೇರಿದವು. ಅಲ್ಲಿ ಫ್ರೇಮ್‌ಗೆ ಕಡಿವಾಣವೇ ಇರಲಿಲ್ಲ. ಮಾಡಲು ಹೆಚ್ಚು ಕೆಲಸವಿಲ್ಲದ ಗ್ರಾಫಿಕ್ಸ್ ಚಿಪ್ ಒಂದೇ ಚಿತ್ರವನ್ನು ಪೂರ್ತಿ ವೇಗದಲ್ಲಿ ಮತ್ತೆ ಮತ್ತೆ ಬಿಡಿಸುತ್ತಿತ್ತು. ಸೆಟ್ಟಿಂಗ್ ಕಡತಕ್ಕೆ ಎರಡು ಸಾಲು ಸೇರಿಸಿ ಮಿತಿ ಹಾಕಿಕೊಳ್ಳಿ ಎಂದು ಬ್ಲಿಜರ್ಡ್ ಕಂಪನಿಯೇ ಹೇಳಬೇಕಾಯಿತು. ಪಾಠ ಹಳೆಯದು, ಆದರೂ ಇವತ್ತಿಗೂ 144 ಹರ್ಟ್ಸ್ ಪರದೆಯ ಮೇಲೆ 200 ಫ್ರೇಮ್ ಓಡಿಸಿ ಬಿಸಿಯಾಗುತ್ತಿದೆ ಎಂದು ದೂರುವವರಿದ್ದಾರೆ. ಮೊದಲ ಹತ್ತು ನಿಮಿಷ 90 ಬಂದು, ಬಿಸಿಯೇರಿದ ಮೇಲೆ 45ಕ್ಕೂ 80ಕ್ಕೂ ತೂಗಾಡುವ ಆಟಕ್ಕಿಂತ 60ಕ್ಕೆ ಕಟ್ಟಿಹಾಕಿದ ಆಟ ಕಣ್ಣಿಗೂ ಕೈಗೂ ಹಿತ. ಸರಾಸರಿ ಅಂಕಿ ಈ ತೂಗಾಟವನ್ನು ನುಂಗಿಬಿಡುತ್ತದೆ. ವಿಡಿಯೊ ವಿಮರ್ಶೆಗಳು ತೋರಿಸುವುದು ಮಾತ್ರ ಹೆಚ್ಚಾಗಿ ಆ ಸರಾಸರಿಯನ್ನೇ.

ಆ ವಿಮರ್ಶೆಗಳ ಬಗ್ಗೆ ಇನ್ನೊಂದು ಮಾತು. ಅವು ನಡೆಯುವುದು ಹೆಚ್ಚಾಗಿ ಎಸಿ ಕೋಣೆಯಲ್ಲಿ. ಹೀಟ್‌ಸಿಂಕ್ ಎಷ್ಟು ಬಿಸಿ ಹೊರಹಾಕಬಲ್ಲದು ಎನ್ನುವುದು ಚಿಪ್‌ಗೂ ಕೋಣೆಯ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. 25 ಡಿಗ್ರಿಯ ಕೋಣೆಯಲ್ಲಿ, 100 ಡಿಗ್ರಿ ಮಿತಿಯ ಚಿಪ್‌ಗೆ ಸಿಗುವ ಅಂತರ 75. ಮೇ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಕೋಣೆ 40 ಇದ್ದರೆ ಅಂತರ 60ಕ್ಕೆ ಇಳಿಯಿತು. ಅಲ್ಲಿ 100 ವ್ಯಾಟ್ ಹೊತ್ತ ಅದೇ ಯಂತ್ರ ಇಲ್ಲಿ ಹೆಚ್ಚುಕಡಿಮೆ 80 ಹೊರಬಲ್ಲದು. ಐದರಲ್ಲಿ ಒಂದು ಪಾಲು ಸಾಮರ್ಥ್ಯ ಹವಾಮಾನದ ಹೊಟ್ಟೆಗೆ ಹೋಯಿತು. ಬೆಂಗಳೂರಿನ ಗೆಳೆಯನ ಲ್ಯಾಪ್‌ಟಾಪ್ ಚೆನ್ನಾಗಿದೆ, ನನ್ನದೇ ಹೀಗೆ ಎಂದು ಕಲಬುರಗಿಯ ಹುಡುಗ ಸರ್ವಿಸ್ ಸೆಂಟರ್‌ಗೆ ಅಲೆಯುವುದರಲ್ಲಿ ಅರ್ಥವಿಲ್ಲ. ಅಂಥ ಊರಿನವರಿಗೆ ದಪ್ಪಗಿನ, ಕೊಂಚ ಒಡ್ಡೊಡ್ಡಾದ ಮಾಡೆಲ್ಲೇ ಸರಿ. ತೆಳುವಾದದ್ದರ ಚೆಂದ ಏಪ್ರಿಲ್‌ವರೆಗೆ ಮಾತ್ರ.

ಕೂಲಿಂಗ್ ಪ್ಯಾಡ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಸಾಮಾನ್ಯ ಪ್ಯಾಡ್‌ನ ಗಾಳಿಯಲ್ಲಿ ಬಹುಪಾಲು ಮುಚ್ಚಿದ ಪ್ಲಾಸ್ಟಿಕ್ ತಳಕ್ಕೆ ಬಡಿದು ಚದುರಿಹೋಗುತ್ತದೆ. ಲ್ಯಾಪ್‌ಟಾಪ್‌ನ ಹಿಂಬದಿಯನ್ನು ಒಂದಿಂಚು ಎತ್ತಿ ಗಾಳಿಗೆ ದಾರಿ ಬಿಡುವುದರಿಂದಲೇ ಅದರ ಲಾಭದ ದೊಡ್ಡ ಪಾಲು ಬರುತ್ತದೆ. ಅದಕ್ಕೆ ಎರಡು ರಬ್ಬರ್ ತುಂಡು ಸಾಕು. ತಳಕ್ಕೆ ಫೋಮ್ ಒತ್ತಿ ಜೋರಾಗಿ ಊದುವ ಪ್ಯಾಡ್‌ಗಳು ಕೆಲಸ ಮಾಡುತ್ತವೆ, ಪಕ್ಕದಲ್ಲಿ ಮಿಕ್ಸಿ ಓಡಿದಂತೆ ಸದ್ದು. ಪ್ಯಾಡ್‌ಗಿಂತ ಅಂಡರ್‌ವೋಲ್ಟ್ ಮಾಡುವುದು, ಅಂದರೆ ಅದೇ ವೇಗಕ್ಕೆ ಚಿಪ್‌ಗೆ ಕೊಡುವ ವೋಲ್ಟೇಜನ್ನು ತುಸು ತಗ್ಗಿಸುವುದು, ನಿಜಕ್ಕೂ ಒಳ್ಳೆಯ ಉಪಾಯ. ಗ್ರಾಫಿಕ್ಸ್ ಚಿಪ್‌ಗೆ ಈಗಲೂ ಸುಲಭವಾಗಿ ಮಾಡಬಹುದು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮಾತ್ರ 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಎಷ್ಟೋ ತಯಾರಕರು ಬಯೋಸ್‌ನಲ್ಲಿ ಆ ಬಾಗಿಲಿಗೆ ಬೀಗ ಜಡಿದರು. ಆಟವಾಡುವವರಿಗೆ ಸಂಬಂಧವೇ ಇಲ್ಲದಂಥ ದಾಳಿಗೆ ಹೆದರಿ ಆಟವಾಡುವವರ ಕೈಯಲ್ಲಿದ್ದ ಸಾಧನವನ್ನು ಕಿತ್ತುಕೊಂಡ ಹಾಗಾಯಿತು.

ಬಿಸಿಯಿಂದ ಏನೂ ಆಗುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಏಟು ಬೀಳುವುದು ಜನ ಹೆದರುವ ಜಾಗದಲ್ಲಲ್ಲ, ಅಷ್ಟೆ. ಸಿಲಿಕಾನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಬ್ಯಾಟರಿಗೆ ಆ ಭಾಗ್ಯವಿಲ್ಲ. ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿ, 100 ಪರ್ಸೆಂಟ್ ತುಂಬಿಟ್ಟು, ಮೇಲಿಂದ ಬಿಸಿ ತಾಕಿಸಿದರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಕೆಲವು ಸಲ ಊದಿಕೊಂಡು ಟಚ್‌ಪ್ಯಾಡನ್ನೇ ಮೇಲೆತ್ತುತ್ತದೆ. ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಹೆಚ್ಚಿನ ಕಂಪನಿಗಳ ತಂತ್ರಾಂಶದಲ್ಲಿ ಇದೆ, ಹಾಕಿಕೊಂಡವರು ಕಡಿಮೆ.

ಇನ್ನು ‘ಡೆಸ್ಕ್‌ಟಾಪ್ ತಗೋ’ ಎಂಬ ಬುದ್ಧಿವಾದ. ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೊಡುತ್ತದೆ, ನಿಜ. ಆದರೆ ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಮೇಜು, ಒಂದೇ ಪ್ಲಗ್ ಪಾಯಿಂಟ್ ಇರುವ, ಹಬ್ಬಕ್ಕೆ ಊರಿನ ಬಸ್ ಹತ್ತುವ ಹುಡುಗಿಗೆ ಮಾನಿಟರ್, ಕ್ಯಾಬಿನೆಟ್, ಯುಪಿಎಸ್ ಹೊತ್ತುಕೊಂಡು ಓಡಾಡು ಎಂದು ಹೇಳುವವರು ಹಾಸ್ಟೆಲ್ ಕಂಡಿರಲಾರರು. ಅವಳಿಗೆ ಬೇಕಾದ ಸಲಹೆ ಬೇರೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಾಗಲಿ, ಹುಬ್ಬಳ್ಳಿಯ ಶೋರೂಮಾಗಲಿ, ಡೆಮೊ ಪೀಸ್‌ನಲ್ಲಿ ನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಸಬೇಕು. ಅದರ ‘ಸಿಸ್ಟಂ ಇನ್ಫರ್ಮೇಶನ್’ನಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲಿನಲ್ಲಿ ಆ ವ್ಯಾಟ್ ಇರುತ್ತದೆ. ಮಾರುವವನಿಗೆ ಗೊತ್ತಿಲ್ಲದಿದ್ದರೂ ಯಂತ್ರಕ್ಕೆ ಗೊತ್ತಿರುತ್ತದೆ.